ನಲವತ್ತೊಂದು ಕಲೆಗಳು

ಕಾಗದದಲ್ಲಿ ಅವಳ ತಪ್ಪು ಆಗಲೇ ಅಚ್ಚಾಗಿಹೋಗಿತ್ತು. ಕೆಳಗೆ ಒಂದು ಗೆರೆ ಎಳೆದು ಸಹಿಗೆ ಜಾಗ ಬಿಟ್ಟಿದ್ದರು. ‘ಸೋಮವಾರ ಕಾರು ತೊಳೆದ ನಂತರ ಸರಿಯಾಗಿ ಒರೆಸದೆ ಬಿಸಿಲಿನಲ್ಲಿ ಬಿಟ್ಟಿದ್ದರಿಂದ ಬಣ್ಣಕ್ಕೆ ಹಾನಿಯಾಗಿದೆ. ಇದು ನನ್ನ ಅಜಾಗರೂಕತೆ. ದಯವಿಟ್ಟು ಕ್ಷಮಿಸಬೇಕು.’ ‘ನನ್ನ’ ಎಂಬ ಪದವನ್ನು ಅವಳು ಎರಡು ಸಲ ಓದಿದಳು. ಬೇರೆ ಯಾರೋ ಕುರ್ಚಿಯಲ್ಲಿ ಕೂತು, ಕಾಫಿ ಕುಡಿಯುತ್ತ ಟೈಪು ಮಾಡಿದ ‘ನನ್ನ’. ಮ್ಯಾನೇಜರನ ಕೋಣೆಯ ಗಾಜಿನಾಚೆ ಕಪ್ಪು ಕಾರು ನಿಂತಿತ್ತು. ಅದರ ಪಕ್ಕದಲ್ಲಿ ಅದರ ಯಜಮಾನ, ಹಲ್ಲಿನ ಡಾಕ್ಟರು, ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡು, ತನ್ನ ಕಾರನ್ನೇ ಮುಟ್ಟಲು ಹೇಸುವವನಂತೆ ಒಂದು ಮಾರು ದೂರ ನಿಂತಿದ್ದ. ಮೇಜಿನ ಮೇಲಿದ್ದ ಪೆನ್ನನ್ನು ಮ್ಯಾನೇಜರ್ ಒಂದು ಬೆರಳಿನಿಂದ ಅವಳ ಕಡೆ ಉರುಳಿಸಿದ. ಅದು ಉರುಳಿ ಬಂದು ಅಂಚಿನಲ್ಲಿ ನಿಂತಿತು. ಬಿದ್ದರೆ ಬಗ್ಗಿ ಎತ್ತಬೇಕಾಗುತ್ತದೆ, ಬಗ್ಗಿದರೆ ಅರ್ಧ ಒಪ್ಪಿಕೊಂಡ ಹಾಗೆ ಎಂದು ಅವಳಿಗೆ ಅನ್ನಿಸಿ, ಬೀಳುವ ಮೊದಲೇ ಅಂಗೈಯಿಂದ ಅದನ್ನು ಹಿಂದಕ್ಕೆ ತಳ್ಳಿದಳು.

“ನಾನು ಇನ್ನೂ ಕಾರೇ ನೋಡಿಲ್ಲ.”

“ನೋಡೋದೇನಿದೆ ಅಕ್ಕಾ? ಬಾನೆಟ್ ತುಂಬ ಬಿಳೀ ಚುಕ್ಕೆ. ತೊಳೆದಿದ್ದು ನೀವು, ಪಾಲಿಶ್ ಮಾಡಿದ್ದು ನೀವು. ಸೋಮವಾರ ಸಂಜೆ ತಗೊಂಡು ಹೋಗಿದಾರೆ, ಇವತ್ತು ಗುರುವಾರ. ನಮ್ಮ ವರ್ಕ್‌ಶಾಪ್ ಯಜಮಾನರಿಗೆ ಬೇಕಾದೋರು ಅವರು. ಒಂದು ಸಹಿ ಅಷ್ಟೆ. ಸಂಬಳಕ್ಕೇನೂ ಕತ್ತರಿ ಬೀಳಲ್ಲ.”

“ನಾನಲ್ಲ” ಎಂದಳು.

ಅಂದ ಮೇಲೆ ತನ್ನದೇ ದನಿ ಕೇಳಿ ಬೆಚ್ಚಿದಳು. ಇದೇ ದನಿ. ಇದೇ ಎತ್ತರ, ಕೊನೆಯಲ್ಲಿ ಇದೇ ಸಣ್ಣ ಗಡಸು. ಆರು ವರ್ಷದ ಹಿಂದೆ, ಈ ಗಾಜಿನಾಚೆ ಕೆಂಪು ಕಾರು ನಿಂತಿದ್ದಾಗ, ಇದೇ ಮ್ಯಾನೇಜರ್ ಬಂದು “ಯಾರು ಮಾಡಿದ್ದು ಇದು?” ಎಂದಾಗಲೂ ಅವಳು ಹೀಗೇ ಅಂದಿದ್ದಳು. ಆವತ್ತಿನದು ಸುಳ್ಳು. ಈವತ್ತಿನದು ನಿಜ, ಅಥವಾ ನಿಜವಿರಬೇಕು. ಎರಡಕ್ಕೂ ಒಂದೇ ಗಂಟಲು ಇರುವುದಾದರೆ ಎದುರಿಗಿರುವವನು ಯಾವುದನ್ನು ಹಿಡಿದು ಯಾವುದನ್ನು ಬಿಡಬೇಕು? ಸೋಮವಾರ ನಿಜವಾಗಿಯೂ ಪೂರ್ತಿ ಒರೆಸಿದ್ದಳೇ? ಒರೆಸಿದ್ದಳು. ಕನ್ನಡಿಯ ಸಂದಿ, ಬಾಗಿಲಿನ ಹಿಡಿಕೆಯ ಹಳ್ಳ, ಎಲ್ಲ. ಆದರೆ ನೆನಪು ಎನ್ನುವುದು ಕೇಳಿದವರು ಜೋರು ಮಾಡಿದರೆ ಜಾಗ ಬಿಟ್ಟುಕೊಡುವ ಪ್ರಾಣಿ. ಒಂದು ನಿಮಿಷ ನಿಂತರೆ ತಾನೇ ಒದ್ದೆ ಕಾರನ್ನು ಬಿಸಿಲಿಗೆ ತಳ್ಳಿದ ಚಿತ್ರ ಕಣ್ಣಿಗೆ ಕಟ್ಟಿಬಿಡುತ್ತದೆ ಎಂದು ಹೆದರಿ, ಬಾಗಿಲು ತೆಗೆದು ಹೊರಗೆ ಬಂದಳು. “ನಾಲ್ಕು ಗಂಟೆವರೆಗೆ ಟೈಮ್ ಕೊಡಿ,” ಎಂದು ಹಿಂದಿರುಗಿ ನೋಡದೆ ಹೇಳಿದಳು. “ಏನು ಅಂತ ತಿಳಿಯದೆ ಯಾವುದಕ್ಕೂ ಸಹಿ ಹಾಕಲ್ಲ.”

ಡಾಕ್ಟರು ನಾಲ್ಕಕ್ಕೆ ಬರುತ್ತೇನೆಂದು ಹೊರಟ. ಹೋಗುವಾಗ ಅವಳಿಗಲ್ಲ, ಮ್ಯಾನೇಜರನಿಗೆ ಹೇಳಿದ: “ತಪ್ಪಾಗುತ್ತೆ, ಒಪ್ಪಿಕೊಂಡ್ರೆ ಮುಗೀತು. ನಾನೇನು ರಾಕ್ಷಸ ಅಲ್ಲ.” ಆ ಔದಾರ್ಯ ಅವಳ ಕಿವಿಯ ಹಿಂದೆ ಬೆವರಿನಂತೆ ಇಳಿಯಿತು.

ವರ್ಕ್‌ಶಾಪಿನಲ್ಲಿ ಎದುರಿಗೆ ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಭೂತಗನ್ನಡಿ. ಕೊರಳಿನ ದಾರದಲ್ಲಿ ಯಾವಾಗಲೂ ಒಂದು ಪುಟ್ಟ ಭೂತಗನ್ನಡಿ ನೇತಾಡುತ್ತಿದ್ದುದೇ ಕಾರಣ. ಅದನ್ನು ಕಣ್ಣಿಗೆ ಹಿಡಿದು ಬಾನೆಟ್ಟಿನ ಮೇಲೆ ಬಗ್ಗಿದಳು. ಬರಿಗಣ್ಣಿಗೆ ಸಾಸಿವೆಯಷ್ಟು, ಕೆಲವು ಕಡಲೆಯಷ್ಟು ಇದ್ದ ಬಿಳಿ ಚುಕ್ಕೆಗಳು ಗಾಜಿನಡಿ ಸಣ್ಣ ಸಣ್ಣ ಬಟ್ಟಲುಗಳಾದವು. ಅಂಚು ದಪ್ಪ, ನಡು ತೆಳು. ಬೆರಳುಗಳ ಮೇಲೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು ಸವರಿದಳು. ಹಾಗೆ ಮಾಡಿದರೆ ಬರಿ ಬೆರಳಿಗೆ ಸಿಗದ ಉಬ್ಬುತಗ್ಗು ಕೂಡ ಗರಗರ ಎಂದು ಹೇಳಿಕೊಳ್ಳುತ್ತದೆ. ಮೇಲೆ ಏನೋ ಕೂತಿದೆ. ಕೂತದ್ದು ಮಾತ್ರವಲ್ಲ, ಕೆಳಗೆ ತಿಂದೂ ಇದೆ. ಮರದ ಅಂಟಾಗಿದ್ದರೆ ಹಳದಿಯಿರುತ್ತಿತ್ತು, ಸ್ಪಿರಿಟ್ಟಿಗೆ ಕರಗುತ್ತಿತ್ತು. ಸ್ಪಿರಿಟ್ ಮುಟ್ಟಿಸಿದಳು, ಜಪ್ಪಯ್ಯ ಎನ್ನಲಿಲ್ಲ. ಹಕ್ಕಿಯ ಹಿಕ್ಕೆ ಇಷ್ಟು ಲೆಕ್ಕವಿಟ್ಟು ಬೀಳುವುದಿಲ್ಲ. ಕಬ್ಬಿಣದ ಧೂಳಾದರೆ ತುಕ್ಕಿನ ಬಣ್ಣವಿರಬೇಕು. ಕೊನೆಗೆ ಹತ್ತಿಯ ತುದಿಗೆ ವಿನೆಗರ್ ಅದ್ದಿ ಒಂದು ಚುಕ್ಕೆಯ ಮೇಲೆ ಇಟ್ಟಳು. ಭೂತಗನ್ನಡಿಯೊಳಗೆ ಅದು ನೊರೆಯೆದ್ದಿತು. ಸಣ್ಣಗೆ, ಸೋಡಾ ಬಾಟಲಿ ಉಸಿರು ಬಿಟ್ಟಂತೆ.

ಮ್ಯಾನೇಜರ್ ಯಾವಾಗ ಹಿಂದೆ ಬಂದು ನಿಂತಿದ್ದನೋ. “ನೋಡಿದ್ರಾ? ಸುಣ್ಣ. ನಮ್ಮ ಬೋರ್‌ವೆಲ್ ನೀರಿನ ಸುಣ್ಣಾನೇ. ಈಗ ನೀವೇ ಪ್ರೂವ್ ಮಾಡಿಬಿಟ್ರಿ” ಎಂದು ಖುಷಿಯಾಗಿ ಹೊರಟುಹೋದ. ಅವಳು ಹತ್ತಿ ಹಿಡಿದುಕೊಂಡು ನಿಂತಳು. ಹೌದು, ಸುಣ್ಣ. ನೊರೆ ಸುಳ್ಳು ಹೇಳುವುದಿಲ್ಲ. ಹಾಗಾದರೆ ನಾನೇ. ಹಾಗೆ ಒಪ್ಪಿಕೊಳ್ಳುವುದರಲ್ಲಿ ಒಂದು ನಾಚಿಕೆಗೇಡಿನ ಸುಖವಿತ್ತು. ಸಹಿ ಹಾಕಿಬಿಟ್ಟರೆ ಎಲ್ಲಕ್ಕೂ ಸೇರಿಸಿ ಒಂದೇ ಸಲಕ್ಕೆ ಮುಗಿದೀತು, ಈ ಕಪ್ಪು ಕಾರಿಗೂ, ಆ ಕೆಂಪು ಕಾರಿಗೂ. ಆವತ್ತು ಪಾಲಿಶ್ ಮಷೀನು ಹಿಡಿದಿದ್ದವಳು ಅವಳೇ. ಬಾನೆಟ್ಟಿನ ಮಡಿಸಿದ ಅಂಚಿನಲ್ಲಿ ಬಣ್ಣ ತೆಳುವಾಗಿರುತ್ತದೆ, ಅಲ್ಲಿ ಮಷೀನಿನ ತಿರುಗುವ ಪ್ಯಾಡು ನಿಲ್ಲಬಾರದು ಎಂದು, ಕೆಲಸ ಕಲಿಯಲು ಬಂದಿದ್ದ ಮೈದುನನಿಗೆ ಹೇಳಿಕೊಡುತ್ತ ಹೇಳಿಕೊಡುತ್ತಲೇ ಅವಳು ಅದನ್ನು ಅಲ್ಲೇ ನಿಲ್ಲಿಸಿದ್ದಳು, ನಾಲ್ಕು ಸೆಕೆಂಡು. ಸುಟ್ಟ ವಾಸನೆ ಬಂತು. ಕೆಂಪಿನ ಅಡಿಯಿಂದ ಉಗುರಗಲದ ಬೂದು ಬಣ್ಣ, ಚರ್ಮ ಸುಲಿದ ಮಂಡಿಯ ಹಾಗೆ. ಅವಳು ಮಷೀನು ಕೆಳಗಿಟ್ಟು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದು ಬರುವಷ್ಟರಲ್ಲಿ, ಪ್ಯಾಡು ಬಿಚ್ಚಿ ಒರೆಸಲೆಂದು ಮೈದುನ ಅದನ್ನು ಕೈಗೆತ್ತಿಕೊಂಡಿದ್ದ. ಮ್ಯಾನೇಜರ್ ಕಂಡದ್ದು ಅಷ್ಟೆ. ಯಾರು ಎಂದ. ನಾನಲ್ಲ ಎಂದಳು. ಮೈದುನ ಅವಳ ಮುಖ ನೋಡಿದ. ಸಿಟ್ಟಿರಲಿಲ್ಲ, ಅರ್ಧಕ್ಕೆ ನಿಂತ ವಾಕ್ಯದ ಇನ್ನರ್ಧ ಬರಲಿ ಎಂದು ಕಾಯುವವನಂತೆ ನೋಡಿದ. ಬರಲಿಲ್ಲ. ಆ ಶನಿವಾರದಿಂದ ಅವನು ಕೆಲಸಕ್ಕೆ ಬರಲಿಲ್ಲ. ಆಮೇಲಿನ ಆರು ವರ್ಷವೂ ಅವರು ಒಂದೇ ಮನೆಯಲ್ಲಿ, ಒಂದೇ ಮೇಜಿನ ಸುತ್ತ, ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಂಡಿದ್ದರು. ಅವನು ಅಂಗಡಿಗಳ ಶಟರಿಗೆ ಬಣ್ಣ ಹೊಡೆಯಲು ಹೋಗುತ್ತಿದ್ದ, ಕಿವಿಯೊಳಗೆ ಹಸಿರೋ ನೀಲಿಯೋ ಅಂಟಿಸಿಕೊಂಡು ಬರುತ್ತಿದ್ದ. “ನಿಮ್ಮತ್ತಿಗೆ ಕೈ ಹಿಡಿದು ಕಲಿಸಿದ್ರೂ ನಿನಗೆ ಹತ್ತಲಿಲ್ಲ ನೋಡು” ಎಂದು ಅತ್ತೆ ವಾರಕ್ಕೊಮ್ಮೆಯಾದರೂ ಅನ್ನುತ್ತಿದ್ದರು. ಅವನು ತುತ್ತು ಅಗಿಯುತ್ತಿದ್ದ. ಅವಳು ನೀರಿನ ಜಗ್ಗು ತರಲು ಏಳುತ್ತಿದ್ದಳು.

ಇಲ್ಲ. ಅವಳು ಹತ್ತಿಯನ್ನು ಎಸೆದಳು. ಆ ತಪ್ಪು ಇದೆಯೆಂದು ಈ ತಪ್ಪನ್ನು ಹೊರಲಾರೆ. ಒಂದರ ಬದಲು ಇನ್ನೊಂದನ್ನು ಹೊತ್ತರೆ ಮೊದಲನೆಯದು ಇಳಿಯುವುದಿಲ್ಲ, ಎರಡಾಗುತ್ತವೆ ಅಷ್ಟೆ. ಕಾರನ್ನು ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಬಂದು, ಭೂತಗನ್ನಡಿಯನ್ನು ಅಂಗಿಯೊಳಗೆ ಹಾಕಿ, ಬರಿಗಣ್ಣಿನಲ್ಲಿ ನೋಡಿದಳು. ಬೆಳಗಿನಿಂದ ಹತ್ತಿರದಿಂದಲೇ ನೋಡುತ್ತಿದ್ದವಳಿಗೆ ದೂರದಿಂದ ಮಾತ್ರ ಕಾಣುವುದು ಕಂಡಿತು. ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ. ಎಡಗಡೆಯ ದೀಪದ ಮೇಲಿಂದ ಹೊರಟು, ಬಾನೆಟ್ಟನ್ನು ಓರೆಯಾಗಿ ದಾಟಿ, ಗಾಜನ್ನು ಹತ್ತಿ, ಚಾವಣಿಯ ಬಲ ಅಂಚಿನಲ್ಲಿ ಇಳಿದುಹೋಗುವ ಒಂದು ಸಾಲು. ಬಾಗಿಲುಗಳ ಮೇಲೆ ಒಂದೂ ಇಲ್ಲ. ಡಿಕ್ಕಿಯ ಮೇಲೆ ಇಲ್ಲ. ತೊಳೆದ ನೀರು ಒಣಗಿದ್ದರೆ ಮೈತುಂಬ ಒಣಗುತ್ತದೆ, ಬಾಗಿಲಿನ ಮೇಲೆ ಜಾರಿ ಕೆಳಗೆ ಗೆರೆಯಾಗುತ್ತದೆ. ಹೀಗೆ ರೂಲುಪಟ್ಟಿ ಇಟ್ಟ ಹಾಗೆ ಓರೆಯಾಗಿ ನಡೆಯುವುದಿಲ್ಲ. ಇದು ಮೇಲಿಂದ ಬಿದ್ದದ್ದು. ಹನಿಹನಿಯಾಗಿ, ಒಂದೇ ಬಿರುಕಿನಿಂದ. ಅವಳು ದಿನಪತ್ರಿಕೆಯ ಹಾಳೆಗಳನ್ನು ಟೇಪಿನಿಂದ ಉದ್ದಕ್ಕೆ ಅಂಟಿಸಿ ಕಾರಿನ ಮೇಲೆ ಹಾಸಿ, ಒಂದೊಂದು ಚುಕ್ಕೆಗೂ ಪೆನ್ನಿನಿಂದ ಗುರುತು ಹಾಕಿದಳು. ನಲವತ್ತೊಂದು. ಸುತ್ತಿ ಕಂಕುಳಲ್ಲಿಟ್ಟುಕೊಂಡು, ಯಾರಿಗೂ ಹೇಳದೆ, ಊಟದ ಹೊತ್ತಿನಲ್ಲಿ ಗೇಟು ದಾಟಿದಳು.

ಡಾಕ್ಟರ ಮನೆಯಿದ್ದ ಕಟ್ಟಡ ಎರಡು ಬೀದಿಯಾಚೆ. ನೆಲದಡಿಯ ಪಾರ್ಕಿಂಗಿನ ಬಾಗಿಲಲ್ಲಿ ಕಾವಲುಗಾರ ಸ್ಟೂಲಿನ ಮೇಲೆ ಕೂತು ಕಾಲಿನ ಹೆಬ್ಬೆರಳನ್ನು ಪರೀಕ್ಷಿಸುತ್ತಿದ್ದ. “ಹಲ್ಲಿನ ಡಾಕ್ಟ್ರು ಕಾರು ನಿಲ್ಲಿಸೋ ಜಾಗ ಯಾವುದು?” ಎಂದಳು. ಯಾಕೆ ಎಂದು ಅವನು ಕೇಳಿದ್ದರೆ ಏನು ಹೇಳುತ್ತಿದ್ದಳೋ; ಅವಳ ಸಮವಸ್ತ್ರ, ಕಂಕುಳಿನ ಸುರುಳಿ ನೋಡಿ ಪ್ಲಂಬರ್ ಇರಬೇಕೆಂದುಕೊಂಡು, “ಯಾವ್ದು, ಹಳೇದೋ ಹೊಸದೋ?” ಎಂದ. “ಅವರ ಜಾಗದಲ್ಲಿ ನೆಲ ಅಗೆದಿದಾರಲ್ಲ, ಸೋಮವಾರದಿಂದ ಆ ಮೂಲೇಲಿ ನಿಲ್ಲಿಸ್ತಾರೆ. ನೀರು ಸೋರೋದು ನೋಡೋಕೆ ಬಂದ್ರಾ? ಆರು ತಿಂಗಳಿಂದ ಹೇಳ್ತಾನೇ ಇದೀವಿ.”

ಮೂಲೆಯಲ್ಲಿ ಅವಳು ತಲೆಯೆತ್ತಿದಳು. ಕಾಂಕ್ರೀಟು ಚಾವಣಿಯಲ್ಲಿ ಓರೆಯಾಗಿ ಒಂದು ಬಿರುಕು, ಅದರುದ್ದಕ್ಕೂ ಮೇಲಿನ ತೋಟದ ನೀರು ಸಿಮೆಂಟಿನ ಸುಣ್ಣವನ್ನು ಕರಗಿಸಿಕೊಂಡು ಇಳಿದು, ಇಳಿದಲ್ಲೇ ಗಟ್ಟಿಯಾಗಿ, ಬೆರಳುದ್ದದ ಬಿಳಿ ಕೊಳವೆಗಳಾಗಿ ಜೋತುಬಿದ್ದಿತ್ತು. ಒಂದರ ತುದಿಯಲ್ಲಿ ಹನಿ ತುಂಬಿಕೊಳ್ಳುತ್ತಿತ್ತು. ಅವಳು ಉಸಿರು ಹಿಡಿದು ಅದು ಬೀಳುವುದನ್ನು ಕಾದಳು. ಬಿತ್ತು. ನೆಲದ ಮೇಲೆ ಬಿಳಿ ಚುಕ್ಕೆಗಳದೊಂದು ಸಾಲು ಆಗಲೇ ಇತ್ತು, ನಡುವೆ ಕಾರಿನಷ್ಟು ಜಾಗ ಮಾತ್ರ ಅಳಿಸಿಟ್ಟಂತೆ ತೆಳುವಾಗಿತ್ತು. ಪತ್ರಿಕೆಯ ಸುರುಳಿಯನ್ನು ನೆಲಕ್ಕೆ ಹಾಸಿ ಬಿರುಕಿನ ಕೆಳಗೆ ತಂದಳು. ಗುರುತುಗಳು ಒಂದರ ನೇರಕ್ಕೆ ಒಂದು ಬಂದು ಕೂತವು. ಗಟ್ಟಿಯಾಗಿ ನಗಬೇಕೆನ್ನಿಸಿತು, ನಕ್ಕಳು. ಖಾಲಿ ಕಂಬಗಳ ನಡುವೆ ಆ ನಗು ತಿರುಗಿ ಬಂದಾಗ ಅದರಲ್ಲಿ ಗೆಲುವಿಗಿಂತ ಬೇರೇನೋ ಇತ್ತು. ಇಷ್ಟೊಂದು ಮಾಡಿದೆನಲ್ಲ, ನನ್ನ ಒಂದು ಸಹಿ ಉಳಿಸಿಕೊಳ್ಳಲು. ಕಾಗದ ಹಾಸಿದೆ, ಅಳೆದೆ, ಬೇರೆಯವರ ಮನೆಯಡಿ ನುಗ್ಗಿದೆ. ಮೈದುನನಿಗಾಗಿ ನಾನು ಮಾಡಬೇಕಾಗಿದ್ದದ್ದು ಎಷ್ಟು? ಬಾಯಿ ತೆಗೆಯುವುದು. ಕಾವಲುಗಾರನ ಕೋಲಿನಿಂದ ಒಂದು ಕೊಳವೆಯನ್ನು ತಟ್ಟಿ ಬೀಳಿಸಿ, ಕರ್ಚೀಫಿನಲ್ಲಿ ಸುತ್ತಿಕೊಂಡಳು.

ನಾಲ್ಕು ಗಂಟೆಗೆ ಮ್ಯಾನೇಜರನ ಕೋಣೆಯಲ್ಲಿ ಮೂವರೂ ನಿಂತೇ ಇದ್ದರು. ಅವಳು ಕರ್ಚೀಫು ಬಿಚ್ಚಿದಳು.

“ಡಾಕ್ಟ್ರೇ, ನಿಮ್ಮ ಪಾರ್ಕಿಂಗಿನ ಚಾವಣಿಗೆ ಹಲ್ಲು ಬಂದಿದೆ. ಇದು ಒಂದು. ಇನ್ನೂ ನಲವತ್ತು ಇವೆ, ಬೇಕಾದ್ರೆ ಹೋಗಿ ಎಣಿಸಿ.”

ಡಾಕ್ಟರು ಅದನ್ನು ಕೈಗೆ ತೆಗೆದುಕೊಂಡು, ಅಭ್ಯಾಸಬಲದಿಂದ ಬೆಳಕಿಗೆ ಹಿಡಿದು ಬುಡ ನೋಡಿದ. ಅವಳು ಓರೆ ಸಾಲನ್ನು ತೋರಿಸಿದಳು, ಕಾವಲುಗಾರನ ಮಾತು ಹೇಳಿದಳು, ಸೋಮವಾರ ಜಾಗ ಬದಲಾದದ್ದನ್ನು ಹೇಳಿದಳು. ಅವನ ಕಿವಿ ಕೆಂಪಾಯಿತು. “ಇರಬಹುದು,” ಎಂದ. ಆಮೇಲೆ, “ಇರಬಹುದಪ್ಪ. ಆದ್ರೂ ನೀವು ಹಾಕಿದ ಪಾಲಿಶ್ ಗಟ್ಟಿಯಾಗಿದ್ದಿದ್ರೆ ತಡೀಬೇಕಾಗಿತ್ತಲ್ಲ?” ಎಂದು ಮ್ಯಾನೇಜರನ ಕಡೆ ನೋಡಿದ. ಮ್ಯಾನೇಜರ್ ತಕ್ಷಣ ಆ ಎಳೆ ಹಿಡಿದುಕೊಂಡ.

“ಅದೂ ನಿಜಾನೇ. ಅಕ್ಕಾ, ಈಗ ವಾದ ಯಾಕೆ? ಒಂದು ಫಾರ್ಮಾಲಿಟಿ ಅಂದ್ಕೊಂಡು ಹಾಕಿಬಿಡಿ. ಯಜಮಾನರು ಕಾಗದ ಕೇಳ್ತಾರೆ, ನಾನೇನು ಕೊಡ್ಲಿ?”

“ಸಿಮೆಂಟ್ ನೀರು ತಡೆಯೋ ಪಾಲಿಶ್ ಇನ್ನೂ ಯಾರೂ ಕಂಡುಹಿಡಿದಿಲ್ಲ. ಹಾಕಲ್ಲ.”

“ನೋಡಿ, ಹಳೇದು ಎತ್ತಬಾರದು ಅಂತಿದ್ದೆ. ಆರು ವರ್ಷದ ಹಿಂದೆ ನಿಮ್ಮ ಮೈದುನ ಆ ಕೆಂಪು ಕಾರು ಸುಟ್ಟನಲ್ಲ, ಆಗ ನಿಮ್ಮ ಮುಖ ನೋಡ್ಕೊಂಡು ನಾನು ಪೊಲೀಸು ಗಿಲೀಸು ಅನ್ನದೆ ಸುಮ್ನೆ ಮನೆಗೆ ಕಳಿಸಿದೆ. ಆ ಋಣಕ್ಕಾದ್ರೂ…”

ಅವಳಿಗೆ ಕೋಣೆಯ ಫ್ಯಾನಿನ ಸದ್ದು ಒಮ್ಮೆಲೇ ಜೋರಾಗಿ ಕೇಳಿಸಿತು. ಬಾಯಿ ತೆರೆಯುವುದು ಎಷ್ಟು ಸುಲಭದ ಕೆಲಸ, ದವಡೆ ಇಳಿಸಿದರಾಯಿತು. ಎದುರಿಗೆ ನಿಂತ ಹಲ್ಲಿನ ಡಾಕ್ಟರು ದಿನಕ್ಕೆ ಇಪ್ಪತ್ತು ಜನರಿಗೆ ಅದನ್ನೇ ಹೇಳುತ್ತಾನೆ.

“ಅದನ್ನ ಸುಟ್ಟಿದ್ದು ನಾನು.”

“ಏನು?”

“ಕೆಂಪು ಕಾರು. ಬಲಗಡೆ ಅಂಚು. ಮಷೀನ್ ನನ್ನ ಕೈಯಲ್ಲಿತ್ತು. ಅವನು ಆಮೇಲೆ ಎತ್ಕೊಂಡಿದ್ದು, ಒರೆಸೋಕೆ. ನೀವು ಕೇಳಿದಾಗ ನಾನು ಸುಳ್ಳು ಹೇಳಿದೆ.” ಪೆನ್ನನ್ನು ಕೈಗೆತ್ತಿಕೊಂಡಳು. “ಟೈಪ್ ಮಾಡಿಸಿ. ಅಜಾಗರೂಕತೆ ಅಂತಾನೂ ಹಾಕಿ, ಸುಳ್ಳು ಅಂತಾನೂ ಹಾಕಿ. ಈಗಲೇ ಸಹಿ ಹಾಕ್ತೀನಿ. ಇದಕ್ಕೆ ಮಾತ್ರ ಹಾಕಲ್ಲ.”

ಮ್ಯಾನೇಜರ್ ಡಾಕ್ಟರ ಮುಖ ನೋಡಿದ, ಡಾಕ್ಟರು ಗಡಿಯಾರ ನೋಡಿದ. “ಅದೆಲ್ಲ ಈಗ ಯಾರಿಗೆ ಬೇಕಕ್ಕಾ? ಮುಗಿದುಹೋದ ಫೈಲು. ಆ ಗಿರಾಕಿ ಊರೇ ಬಿಟ್ಟು ಹೋಗಿ ಎಷ್ಟು ಕಾಲ ಆಯ್ತು” ಎಂದ ಮ್ಯಾನೇಜರ್, ನಿಜವಾಗಿಯೂ ಬೇಸರದಿಂದ, ದಾರಿಯಲ್ಲಿ ಯಾರೋ ಭಾರದ ಗಂಟನ್ನು ಕೈಗೆ ಕೊಡಲು ಬಂದ ಹಾಗೆ. ಅವಳು ಮಾಡದ ತಪ್ಪಿಗೆ ಕಾಗದ, ಪೆನ್ನು, ಗೆರೆ, ಇಬ್ಬರು ಸಾಕ್ಷಿಗಳು ಎಲ್ಲ ತಯಾರಾಗಿದ್ದವು. ಮಾಡಿದ್ದಕ್ಕೆ ಈ ಕೋಣೆಯಲ್ಲಿ ಒಂದು ತುಂಡು ಕಾಗದ ಇರಲಿಲ್ಲ. ಅವಳು ಮೇಜಿನ ಮೇಲಿದ್ದ ಕ್ಷಮಾಪಣೆಯನ್ನು ತೆಗೆದು, ಹರಿದು ನಾಟಕ ಮಾಡಲು ಮನಸ್ಸಾಗದೆ, ನಾಲ್ಕಾಗಿ ಮಡಿಸಿ ಕಸದ ಬುಟ್ಟಿಗೆ ಹಾಕಿದಳು. “ಕಾರು ಒಳಗೆ ತಗೊಳ್ತೀನಿ. ಕಲೆ ಯಾರದೇ ಆಗಲಿ, ಬಿಟ್ಟಷ್ಟೂ ಆಳಕ್ಕಿಳಿಯುತ್ತೆ.” ಯಾರೂ ತಡೆಯಲಿಲ್ಲ. ಕೆಲಸದಿಂದ ತೆಗೆಯಬೇಕೆಂದು ಮ್ಯಾನೇಜರನಿಗೆ ಆ ಕ್ಷಣ ಅನ್ನಿಸಿದ್ದಿರಬೇಕು. ತೆಗೆದರೆ ಈ ಕಲೆಗಳನ್ನು ತೆಗೆಯುವವರು ಯಾರೆಂಬುದೂ ಜೊತೆಯಲ್ಲೇ ಹೊಳೆದಿರಬೇಕು.

ಮೊದಲು ವಿನೆಗರಿನಲ್ಲಿ ನೆನೆಸಿದ ಬಟ್ಟೆಯ ತುಂಡುಗಳನ್ನು ಚುಕ್ಕೆಗಳ ಮೇಲೆ ಹಾಸಿ, ಜ್ವರದವರ ಹಣೆಗೆ ಇಟ್ಟಂತೆ ಇಟ್ಟು ಕಾದಳು. ತೆಗೆದಳು, ನೀರು ಹಾಯಿಸಿದಳು, ಮತ್ತೆ ಇಟ್ಟಳು. ಸುಣ್ಣ ಕರಗಿ ಹೋಯಿತು. ಸುಣ್ಣ ತಿಂದ ಹಳ್ಳ ಉಳಿಯಿತು. ಹಳ್ಳವನ್ನು ತುಂಬಲಾಗುವುದಿಲ್ಲ. ಅದರ ಸುತ್ತಲಿನದನ್ನು ಅದರ ಮಟ್ಟಕ್ಕೆ ಇಳಿಸಬಹುದು, ಅಷ್ಟೆ. ಬಣ್ಣದ ಮೇಲಿನ ಗಾಜಿನಂಥ ಪದರವನ್ನು ಕೂದಲಿಗಿಂತ ತೆಳುವಾಗಿ ಸವೆಸುತ್ತ ಹೋಗಬೇಕು. ಮೆತ್ತನೆಯ ಪ್ಯಾಡಿನಿಂದ ಶುರುಮಾಡಿದಳು. ಮಷೀನಿನ ಗುಂಯ್ ಎನ್ನುವ ಸದ್ದಿನೊಳಗೆ ಅವಳಿಗೆ ಯಾವಾಗಲೂ ಒಂದು ಕೋಣೆಯಿತ್ತು, ಅಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ. ಈವತ್ತು ಅಲ್ಲಿ ಮೈದುನನಿದ್ದ, ಪ್ಯಾಡು ಕೈಯಲ್ಲಿ ಹಿಡಿದು, ಇನ್ನರ್ಧ ವಾಕ್ಯ ಕಾಯುತ್ತ. ಹೇಳಿದೆನಲ್ಲ ಎಂದಳು. ಯಾರಿಗೆ ಎಂದ. ಅವಳು ಅಂಚಿನ ಹತ್ತಿರ ಮಷೀನನ್ನು ಎತ್ತಿಕೊಂಡಳು, ಅಲ್ಲಿ ಕೈಯಿಂದ ಉಜ್ಜಿದಳು. ಆರು ಗಂಟೆಗೆ ಡಾಕ್ಟರು ಬಂದಾಗ ನಲವತ್ತೊಂದರಲ್ಲಿ ಮೂವತ್ತೆಂಟು ಹೋಗಿದ್ದವು.

“ಇವು ಮೂರು?” ಎಂದ, ಬಗ್ಗಿ.

“ಆಳಕ್ಕಿಳಿದಿವೆ. ಇನ್ನು ತಿಕ್ಕಿದ್ರೆ ಮೇಲಿನ ಪದರ ಹೋಗಿ ಬಣ್ಣಕ್ಕೇ ಬರುತ್ತೆ. ಇರಲಿ.”

“ಸ್ವಲ್ಪ ಪ್ರಯತ್ನ ಮಾಡಿ. ಇಷ್ಟು ಮಾಡಿದೀರ, ಇನ್ನೊಂಚೂರು. ಕಣ್ಣಿಗೆ ಹೊಡೆಯುತ್ತೆ.”

“ಹೊಡೀಲಿ. ನಾನು ಮುಟ್ಟಲ್ಲ.” ಅವಳು ಮಷೀನಿನ ಪ್ಲಗ್ಗು ಕಿತ್ತು, ವೈರನ್ನು ಮೊಣಕೈಗೆ ಸುತ್ತತೊಡಗಿದಳು. ಗಾಜಿನ ಹಿಂದಿನಿಂದ ಮ್ಯಾನೇಜರ್ ಏನೋ ಸನ್ನೆ ಮಾಡಿದ. ಅವಳು ಸುತ್ತುವುದನ್ನು ನಿಲ್ಲಿಸಲಿಲ್ಲ. ಡಾಕ್ಟರು ಕಾರು ಹತ್ತಿ, ಕಿಟಕಿ ಇಳಿಸಿ, “ಬೇರೆ ಕಡೆ ನಿಲ್ಲಿಸ್ತೀನಿ ಇವತ್ತಿಂದ” ಎಂದ. ಅವನ ಬಾಯಿಂದ ಬರಬಹುದಾಗಿದ್ದ ಕ್ಷಮೆ ಅಷ್ಟೇ ಇತ್ತು.

ಮನೆಯಲ್ಲಿ ಅತ್ತೆ ತಟ್ಟೆಗಳನ್ನು ಹಾಕಿದ್ದರು. ಗಂಡ ಲಾರಿಯ ಮೇಲೆ ಹೋಗಿ ಮೂರು ದಿನವಾಗಿತ್ತು, ಅವನ ಕುರ್ಚಿಯ ಮೇಲೆ ಒಗೆದ ಬಟ್ಟೆಯ ರಾಶಿ. ಮೈದುನ ಕೈ ತೊಳೆದು ಬಂದು ಕೂತ; ಈವತ್ತು ಕಿವಿಯಲ್ಲಿ ಹಳದಿ. ಅವಳು ಕೂರಲಿಲ್ಲ. ಕೂತರೆ ಬಡಿಸಬೇಕು, ಬಡಿಸಿದರೆ ಉಣ್ಣಬೇಕು, ಉಂಡರೆ ಇನ್ನೊಂದು ದಿನ ಕಳೆದ ಹಾಗೆ. ಕುರ್ಚಿಯ ಬೆನ್ನು ಹಿಡಿದು ನಿಂತೇ, “ಅತ್ತೆ, ಆ ಕೆಂಪು ಕಾರು ಸುಟ್ಟಿದ್ದು ಇವನಲ್ಲ, ನಾನು,” ಎಂದಳು. “ನನ್ನ ಮೇಲೆ ಬರಬಾರದು ಅಂತ ಸುಮ್ಮನಿದ್ದೆ. ಇವನ ಕೈ ಕೆಟ್ಟದ್ದಲ್ಲ. ನೀವು ಇನ್ನು ಹಾಗೆ ಅನ್ನಬಾರದು.”

ಅತ್ತೆಯ ಕೈಯಲ್ಲಿ ಸೌಟು ನಿಂತಿತು. “ಏನೇ ಹೇಳ್ತಿದೀಯ?” ಎಂದು ಅವಳನ್ನು, “ನೀನಾದ್ರೂ ಬಾಯಿ ಬಿಡೋಕೇನಾಗಿತ್ತೋ?” ಎಂದು ಮಗನನ್ನು ಒಂದೇ ಉಸಿರಿನಲ್ಲಿ ಕೇಳಿ, ಯಾರನ್ನು ಬೈಯಬೇಕೆಂದು ತಿಳಿಯದೆ ಸೌಟನ್ನೇ ನೋಡುತ್ತ ಕೂತರು.

ಮೈದುನ ತಟ್ಟೆಯನ್ನು ಮುಂದಕ್ಕೆ ಸರಿಸಿದ. “ನನ್ನ ಯಾರು ಕೇಳಿದ್ರು?” ಎಂದ ಅಮ್ಮನಿಗೆ. ಆಮೇಲೆ ಅವಳ ಕಡೆ ತಿರುಗಿ, “ಈಗ್ಯಾಕೆ ಅತ್ತಿಗೆ? ಆರು ವರ್ಷ ಆಯ್ತು. ಶಟರ್ ಬಳೀತಾ ಬಳೀತಾ ನನಗೂ ಅನ್ಸೋಕೆ ಶುರುವಾಗಿತ್ತು, ನಾನೇ ಸುಟ್ಟಿರಬೇಕು ಅಂತ. ನಿಮಗೆ ಗೊತ್ತಾ ಅದು?”

“ಗೊತ್ತು,” ಎಂದಳು. ಈವತ್ತು ಬೆಳಗ್ಗೆಯಷ್ಟೇ ಗೊತ್ತಾಗಿದ್ದು ಎನ್ನಲಿಲ್ಲ. ಕ್ಷಮಿಸು ಎಂದೂ ಅನ್ನಲಿಲ್ಲ. ಆ ಪದ ಬೆಳಗ್ಗೆ ಟೈಪಾಗಿದ್ದನ್ನು ನೋಡಿದ ಮೇಲೆ ಬಾಯಿಗೆ ಬರುವಂತಿರಲಿಲ್ಲ. ಅವನ ಮುಖವನ್ನು ನೇರ ನೋಡಿದಳು, ಅವನು ಬೈದರೆ ಬೈಸಿಕೊಳ್ಳುವೆನೆಂದು, ಆದರೆ ತಲೆ ತಗ್ಗಿಸಲಾರೆನೆಂದು. ನಡೆದದ್ದನ್ನೆಲ್ಲ ಹೇಳಿದಳು: ಕಾಗದ, ನೊರೆ, ಬಿರುಕು, ಪತ್ರಿಕೆಯ ಸುರುಳಿ, ಮ್ಯಾನೇಜರನಿಗೆ ಬೇಡವಾದ ನಿಜ. ಅವನು ಬಿಗಿದ ದವಡೆಯಲ್ಲೇ ಕೇಳಿದ. ಕೊನೆಗೆ, ತನಗೆ ಇಷ್ಟವಿಲ್ಲದಿದ್ದರೂ ತಡೆಯಲಾರದವನಂತೆ, “ಎಷ್ಟು ಹೋಯ್ತು?” ಎಂದ.

“ಮೂರು ಉಳೀತು.”

“ಮೂರಾ? ಯಾವ ಪ್ಯಾಡ್ ಹಾಕಿದ್ರಿ?”

“ಮೆತ್ತಂದು. ಆಮೇಲೆ ಸ್ವಲ್ಪ ಗಡಸು, ನಡುವಿನದು.”

“ನಡುವಿನದಕ್ಕೆ ಹೋಗೋ ಮೊದಲು ಇನ್ನೊಂದು ಸಲ ವಿನೆಗರ್ ಇಡಬೇಕಾಗಿತ್ತು. ನಾನಾಗಿದ್ರೆ ಒಂದೇ ಉಳೀತಿತ್ತು.”

“ಸಾಧ್ಯಾನೇ ಇಲ್ಲ,” ಎಂದಳು ಅವಳು, ಕುರ್ಚಿ ಎಳೆದು ಕೂರುತ್ತ. “ಬಣ್ಣ ಎದ್ದುಬರ್ತಿತ್ತು.”

“ಏನೂ ಎದ್ದುಬರ್ತಿರಲಿಲ್ಲ. ನೀವು ಹೆದರ್ಕೊಂಡು ನಿಲ್ಲಿಸಿದೀರ.”

“ಹೆದರಿಕೆ ಅಲ್ಲ ಅದು, ಲೆಕ್ಕ. ನೀನು ಆ ಕಾರು ನೋಡೇ ಇಲ್ಲ!”

“ನೋಡೋಕೆ ಬಿಟ್ಟಿದ್ರೆ ನೋಡ್ತಿದ್ದೆ!” ಅವನು ಮೇಜು ಗುದ್ದಿದ, ಲೋಟ ಹಾರಿತು. ಅತ್ತೆ “ಊಟದ ಮುಂದೆ ಏನ್ರೋ ಇದು” ಎಂದರು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಆರು ವರ್ಷ ಒಬ್ಬರಿಗೊಬ್ಬರು ಸೌಜನ್ಯದಿಂದ ತಟ್ಟೆ ದಾಟಿಸಿದ ಮೇಜಿನ ಮೇಲೆ ಅವರು ಅಕ್ಕಪಕ್ಕದ ಮನೆಗೆ ಕೇಳಿಸುವಷ್ಟು ಜೋರಾಗಿ ಜಗಳ ಆಡಿದರು, ಅನ್ನ ಆರಿಹೋಗುವವರೆಗೂ.